ಎರಡನೆಯ ಗಿಟಾರಿನ ಪಾಲು

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಚಿಕ್ಕದೊಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದ ನನ್ನ ಸೋದರಮಾವನ ಬಳಿ ಎರಡು ಸ್ಪೀಕರಿನ ಟೇಪ್‌ರೆಕಾರ್ಡರ್ ಒಂದಿತ್ತು. ಕೊಂಡ ಕೆಲವೇ ತಿಂಗಳಲ್ಲಿ ಅದರ ಬಲಗಡೆಯ ಸ್ಪೀಕರು ಬಾಯಿ ಮುಚ್ಚಿಕೊಂಡಿತು. ಎಡಗಡೆಯದು ಹಾಡುತ್ತಿದೆಯಲ್ಲ, ಸಾಕು ಎಂದು ಅವರೂ ಸುಮ್ಮನಾದರು. ಗೆಳೆಯನೊಬ್ಬ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ ಇಂಗ್ಲಿಷ್ ಹಾಡುಗಳನ್ನು ಮಾವ ಎರಡು ವರ್ಷ ಆ ಒಂಟಿ ಸ್ಪೀಕರಿನಲ್ಲೇ ಕೇಳಿದರು. ಆಮೇಲೊಂದು ದಿನ ಯಾರದೋ ವಾಕ್‌ಮನ್ ಕೈಗೆ ಬಂತು. ಅದೇ ಕ್ಯಾಸೆಟ್ಟು ಹಾಕಿ ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡರು.

"ಬೇರೆ ಯಾರದೋ ಹಾಡು ಅನ್ನಿಸಿಬಿಡ್ತು ಕಣೋ" ಎಂದು ಈಗಲೂ ಹೇಳುತ್ತಾರೆ. "ಎರಡು ವರ್ಷ ನಾನು ಅರ್ಧ ಹಾಡು ಕೇಳಿದ್ದೆ. ಇನ್ನೊಂದು ಗಿಟಾರು ಇದೆ ಅಂತಾನೇ ಗೊತ್ತಿರಲಿಲ್ಲ."

ಆ ಕ್ಯಾಸೆಟ್ಟಿನ ಮೊದಲ ಬದಿಯಲ್ಲಿದ್ದದ್ದು ಇಂಗ್ಲೆಂಡಿನ 'ಐರನ್ ಮೇಡನ್' ತಂಡದ ಚೊಚ್ಚಲ ಆಲ್ಬಂ. 1980ರ ಏಪ್ರಿಲ್ 14ರಂದು ಹೊರಬಂದ ಆ ಧ್ವನಿಮುದ್ರಿಕೆಗೆ ತಂಡದ ಹೆಸರೇ ಹೆಸರು. ಎಂಟು ಹಾಡು, ಸುಮಾರು 38 ನಿಮಿಷ. ಎರಡನೆಯ ಬದಿಯಲ್ಲಿ 1981ರ 'ಕಿಲ್ಲರ್ಸ್'. ಒಂದೊಂದು ಬದಿಗೆ ಒಂದೊಂದು ಆಲ್ಬಂ ಹಿಡಿಸಿ, ಕೊನೆಗೆ ಐದಾರು ನಿಮಿಷ ಬರೀ ಗುಸುಗುಸು ಸದ್ದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈ ತಂಡ ಪ್ರವೇಶ ಮಾಡಿದ್ದು ಇಂಥ ಕ್ಯಾಸೆಟ್ಟುಗಳ ಮೂಲಕವೇ.

ರಾಕ್ ಸಂಗೀತವೆಂದರೆ ಮೂಗು ಮುರಿಯುವವರೇ ಹೆಚ್ಚು. ಅದರಲ್ಲೂ ಹೆವಿ ಮೆಟಲ್ ಎಂದರೆ ಉದ್ದ ಕೂದಲು, ಕಪ್ಪು ಅಂಗಿ, ಕಿವಿಗಡಚಿಕ್ಕುವ ಗದ್ದಲ ಎಂಬ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಗದ್ದಲ ಇರುವುದು ನಿಜ. ಆದರೆ ಈ ಆಲ್ಬಮ್ಮಿನ ಗದ್ದಲದ ಒಳಗೆ ಬಹಳ ಅಚ್ಚುಕಟ್ಟಾದ ಒಂದು ಲೆಕ್ಕಾಚಾರವಿದೆ. ಅದು ಜೋಡಿ ಗಿಟಾರಿನ ಲೆಕ್ಕ.

ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ರಾಮನವಮಿ ಚಪ್ಪರಕ್ಕೆ ಒಮ್ಮೆ ಹೋಗಿ ಬರೋಣ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ರುದ್ರಪಟ್ಟಣಂ ಸಹೋದರರ ಜೋಡಿ ಗಾಯನವನ್ನೋ, ಮೈಸೂರಿನ ನಾಗರಾಜ್-ಮಂಜುನಾಥ್ ಸಹೋದರರ ಜೋಡಿ ಪಿಟೀಲನ್ನೋ ಕೇಳಿದವರಿಗೆ ಗೊತ್ತು, ಇಬ್ಬರು ಒಟ್ಟಿಗೆ ಕೃತಿಯನ್ನು ನಿರೂಪಿಸುವಾಗ ಹಿಡಿಯುವ ಸ್ವರ ಸಾಮಾನ್ಯವಾಗಿ ಒಂದೇ. ಒಬ್ಬರು ಮಧ್ಯ ಸ್ಥಾಯಿಯಲ್ಲಿದ್ದರೆ ಇನ್ನೊಬ್ಬರು ಮಂದ್ರಕ್ಕೆ ಇಳಿಯಬಹುದು. ಕಲ್ಪನಾಸ್ವರದ ಸರದಿಯಲ್ಲಿ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬಹುದು. ಆದರೆ ಒಬ್ಬರು 'ಸ' ಎನ್ನುವಾಗ ಇನ್ನೊಬ್ಬರು 'ಗ' ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಜೋಡಿ ಗಿಟಾರಿನವರು ಮಾಡುವುದು ಅದನ್ನೇ. ಮೊದಲನೆಯವನು 'ಸ ರಿ ಗ ಮ' ನುಡಿಸಿದರೆ ಎರಡನೆಯವನು ಅದೇ ಕ್ಷಣದಲ್ಲಿ 'ಗ ಮ ಪ ದ' ನುಡಿಸುತ್ತಾನೆ. ಎರಡು ಮೆಟ್ಟಿಲು ಮೇಲೆ ನಿಂತು ಅದೇ ನಡೆ ನಡೆದ ಹಾಗೆ. ಕೇಳಲು ಇಷ್ಟೇ. ನುಡಿಸಲು ಕೂತಾಗ ಒಂದು ತೊಡಕು ಎದುರಾಗುತ್ತದೆ. ರಾಕ್ ಸಂಗೀತದವರಿಗೆ ಬಹಳ ಪ್ರಿಯವಾದ 'ಮೈನರ್' ಶ್ರುತಿಮಾಲೆ ನಮ್ಮ ನಠಭೈರವಿಗೆ ಸರಿಸಮ. ಅದರಲ್ಲಿ ಷಡ್ಜದಿಂದ ಗಾಂಧಾರಕ್ಕೆ ಮೂರು ಸ್ವರಸ್ಥಾನಗಳ ದೂರ. ರಿಷಭದಿಂದ ಮಧ್ಯಮಕ್ಕೂ ಮೂರೇ. ಆದರೆ ಗಾಂಧಾರದಿಂದ ಪಂಚಮಕ್ಕೆ ನಾಲ್ಕು. ಮಧ್ಯಮದಿಂದ ಧೈವತಕ್ಕೆ ಮತ್ತೆ ಮೂರು. ಅಂದರೆ ಎರಡನೆಯ ಗಿಟಾರಿನವನು ಮೊದಲನೆಯವನ ಬೆರಳನ್ನು ನೋಡಿಕೊಂಡು ಅಷ್ಟೇ ದೂರದಲ್ಲಿ ತನ್ನ ಬೆರಳು ಸರಿಸಿಕೊಂಡು ಹೋದರೆ ಅಪಸ್ವರವಾದೀತು. ಅವನು ಇನ್ನೊಂದು ಹಾಡನ್ನೇ ಬೇರೆಯಾಗಿ ಕಲಿಯಬೇಕು. ಹಾಗೆ ಕಲಿತದ್ದನ್ನು ಮೊದಲನೆಯವನ ಉಸಿರಿಗೆ ಉಸಿರು ಸೇರಿಸಿ ನುಡಿಸಬೇಕು. ಚೆನ್ನಾಗಿ ನುಡಿಸಿದಷ್ಟೂ ಕೇಳುಗನಿಗೆ ಅವನು ಪ್ರತ್ಯೇಕವಾಗಿ ಕಾಣುವುದೇ ಇಲ್ಲ!

ಈ ಜಾಣತನ ಐರನ್ ಮೇಡನ್ನಿನವರ ಸ್ವಂತ ಆವಿಷ್ಕಾರವೇನಲ್ಲ. ಅಮೆರಿಕದಲ್ಲಿ ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ 1969ರ ಹೊತ್ತಿಗೆ 'ಆಲ್ಮನ್ ಬ್ರದರ್ಸ್ ಬ್ಯಾಂಡ್'ನಲ್ಲಿ ಜೋಡಿಯಾಗಿ ನುಡಿಸತೊಡಗಿದ್ದರು. ಇಂಗ್ಲೆಂಡಿನ 'ವಿಷ್‌ಬೋನ್ ಆಶ್' ತಂಡದ ಚೊಚ್ಚಲ ಆಲ್ಬಂ 1970ರಲ್ಲಿ ಬಂತು. 1972ರ 'ಆರ್ಗಸ್' ಜೋಡಿ ಗಿಟಾರಿನ ಪಠ್ಯಪುಸ್ತಕವೇ ಆಯಿತು. 1974ರ ಬಳಿಕ ಐರ್ಲೆಂಡಿನ 'ಥಿನ್ ಲಿಜ್ಜಿ' ಅದನ್ನು ಜನಪ್ರಿಯ ಹಾಡಿಗೆ ಇಳಿಸಿತು. 'ಜೂಡಸ್ ಪ್ರೀಸ್ಟ್' ಅದಕ್ಕೆ ಉಕ್ಕಿನ ಕವಚ ತೊಡಿಸಿತು. ಇವರೆಲ್ಲರನ್ನೂ ಕೇಳಿ ಬೆಳೆದವನು ಪೂರ್ವ ಲಂಡನ್ನಿನ ಲೇಟನ್‌ಸ್ಟೋನ್ ಎಂಬಲ್ಲಿನ ಹುಡುಗ ಸ್ಟೀವ್ ಹ್ಯಾರಿಸ್. ನಕ್ಷೆ ಬರೆಯುವ ಕೆಲಸ, ಫುಟ್‌ಬಾಲ್ ಹುಚ್ಚು, ಕೈಯಲ್ಲಿ ಬೇಸ್ ಗಿಟಾರು. 1975ರ ಕ್ರಿಸ್‌ಮಸ್ ದಿನ ಆತ ಐರನ್ ಮೇಡನ್ ಕಟ್ಟಿದ.

ಕಾಲ ಅನುಕೂಲವಾಗಿರಲಿಲ್ಲ. 1976-77ರಲ್ಲಿ ಲಂಡನ್ನಿನ ತುಂಬ ಪಂಕ್ ಸಂಗೀತದ ಗಾಳಿ. ಮೂರು ಸ್ವರಗುಚ್ಛ ಬಂದರೆ ಸಾಕು, ವೇದಿಕೆ ಹತ್ತು ಎನ್ನುವ ಕಾಲದಲ್ಲಿ, ಏಳು ನಿಮಿಷದ ಹಾಡು, ನಡುವೆ ನಾಲ್ಕು ಸಲ ಗತಿಭೇದ, ಅದರ ಮೇಲೆ ಜೋಡಿ ಗಿಟಾರು ಎಂದರೆ ಕೇಳುವವರಾರು? ಹ್ಯಾರಿಸ್ ಜಗ್ಗಲಿಲ್ಲ. ತಂಡದೊಳಗೆ ಮಾತ್ರ ಜನ ಬಂದರು, ಹೋದರು. 1978ರ ಡಿಸೆಂಬರ್ ಕೊನೆಯ ಎರಡು ದಿನ ಕೇಂಬ್ರಿಡ್ಜಿನ ಸ್ಟುಡಿಯೊ ಒಂದರಲ್ಲಿ ಕೈಯಿಂದ ದುಡ್ಡು ಹಾಕಿ ಮಾಡಿಕೊಂಡ ಧ್ವನಿಮುದ್ರಣವನ್ನು ಮರುವರ್ಷ 5,000 ಪ್ರತಿ ಒತ್ತಿಸಿ ತಾವೇ ಅಂಚೆಯಲ್ಲಿ ಮಾರಿದರು. ಎಲ್ಲವೂ ಖರ್ಚಾದವು. ಆಗ ಇಎಂಐ ಕಂಪನಿ ಬಾಗಿಲು ತೆರೆಯಿತು.

ಬಂದವನು, ಹೋದವನು

ಆಲ್ಬಂ ಮುದ್ರಣವಾದದ್ದು 1980ರ ಜನವರಿಯಲ್ಲಿ, ಲಂಡನ್ನಿನ ಕಿಂಗ್ಸ್‌ವೇ ಸ್ಟುಡಿಯೊದಲ್ಲಿ. ಹಾಡಿದವನು ಪಾಲ್ ಡಿ'ಆನೊ, ಡ್ರಮ್ಸ್ ಕ್ಲೈವ್ ಬರ್, ಬೇಸ್ ಹ್ಯಾರಿಸ್, ಒಂದು ಗಿಟಾರು ಡೇವ್ ಮರ್ರಿ. ಇನ್ನೊಂದು ಗಿಟಾರು ಹಿಡಿದವನು ಡೆನಿಸ್ ಸ್ಟ್ರಾಟನ್. ತಂಡಕ್ಕೆ ಸೇರಿ ಆಗ ಆತನಿಗೆ ತಿಂಗಳು ತುಂಬಿತ್ತೋ ಇಲ್ಲವೋ.

ಹಾಡುಗಳೆಲ್ಲ ಹೆಚ್ಚುಕಡಿಮೆ ಹ್ಯಾರಿಸ್ ಕಟ್ಟಿದವು. ಸ್ಟ್ರಾಟನ್ ಬರುವ ಮೊದಲೇ ಪಬ್ಬುಗಳಲ್ಲಿ ನುಡಿಸಿ ಹಳತಾಗಿದ್ದವು. ಹಾಗಾಗಿ ಎಲ್ಲ ಕೀರ್ತಿಯೂ ಈತನಿಗೇ ಸಲ್ಲಬೇಕೆಂದು ಯಾರೂ ವಾದಿಸಲಾರರು. ಆದರೆ ವಯಸ್ಸಿನಲ್ಲೂ ಅನುಭವದಲ್ಲೂ ಉಳಿದವರಿಗಿಂತ ತುಸು ಹಿರಿಯನಾಗಿದ್ದ ಸ್ಟ್ರಾಟನ್‌ಗೆ ಸ್ವರಮೇಳದ ಕಿವಿ ಚೆನ್ನಾಗಿತ್ತು. ಮರ್ರಿಯ ನಡೆಯ ಮೇಲೆ ತನ್ನ ಸ್ವರವನ್ನು ಹೆಣೆಯುವುದು ಅವನಿಗೆ ಸಲೀಸು. 'ಫ್ಯಾಂಟಮ್ ಆಫ್ ದಿ ಆಪೆರಾ' ಹಾಡಿಗೆ ಆತ ಸ್ಟುಡಿಯೊದಲ್ಲಿ ಕುಳಿತು ಪದರ ಪದರವಾಗಿ ಗಿಟಾರು, ಕಂಠ ಸೇರಿಸಿದ್ದನಂತೆ. ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಬಂದು ಕೇಳಿ, ಇದು 'ಕ್ವೀನ್' ತಂಡದ ಹಾಡಿನ ಹಾಗಾಯಿತು, ತೆಗೆಯಿರಿ ಎಂದು ಹೇಳಿದನೆಂಬ ಕತೆಯನ್ನು ಸ್ಟ್ರಾಟನ್ ತಾನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ತೆಗೆದ ಮೇಲೂ ಉಳಿದದ್ದೇ ಇಷ್ಟು ಸೊಗಸಾಗಿದೆ.

(ಅಂದಹಾಗೆ ಈ ಹಾಡಿಗೂ ಜಗತ್ಪ್ರಸಿದ್ಧವಾದ ಅದೇ ಹೆಸರಿನ ಸಂಗೀತ ನಾಟಕಕ್ಕೂ ನಂಟಿಲ್ಲ. ಆಂಡ್ರ್ಯೂ ಲಾಯ್ಡ್ ವೆಬರ್ ಅವರ ನಾಟಕ ರಂಗಕ್ಕೆ ಬಂದದ್ದು 1986ರಲ್ಲಿ. ಎರಡಕ್ಕೂ ಮೂಲ ಫ್ರಾನ್ಸಿನ ಗ್ಯಾಸ್ತಾನ್ ಲೆರೂ ಬರೆದ ಕಾದಂಬರಿ.)

ಆ ಹಾಡನ್ನೇ ಒಮ್ಮೆ ಗಮನವಿಟ್ಟು ಕೇಳಿ. ಆರಂಭದಲ್ಲಿ ಗಿಟಾರುಗಳೂ ಬೇಸೂ ಒಟ್ಟಿಗೆ ಮೆಟ್ಟಿಲು ಹಾರಿ ಇಳಿಯುವಂಥ ಒಂದು ತುಣುಕು. ಆಮೇಲೆ ಹಾಡು, ಆವೇಶ. ನಡುವೆ ಎಲ್ಲವೂ ತಣ್ಣಗಾಗುತ್ತದೆ. ಅಲ್ಲಿ ಎರಡು ಗಿಟಾರುಗಳು ಕೈ ಹಿಡಿದುಕೊಂಡು ನಿಧಾನವಾಗಿ ಮೇಲೇರುತ್ತವೆ. ಎಡ ಯಾವುದು, ಬಲ ಯಾವುದು ಎಂದು ಗುರುತಿಸುವಷ್ಟರಲ್ಲಿ ಮತ್ತೆ ಓಟ. 'ಟ್ರಾನ್ಸಿಲ್ವೇನಿಯ'ದಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಹಾಡುಗಾರನಿಲ್ಲದೆಯೂ ಕತೆ ನಡೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ತೂಕ ಇವೆರಡರಲ್ಲಿದೆ. 'ಷಾರ್ಲಟ್ ದಿ ಹಾರ್ಲಟ್' ಎಂಬ ಹಾಡು ಇಲ್ಲದಿದ್ದರೂ ನಷ್ಟವೇನೂ ಆಗುತ್ತಿರಲಿಲ್ಲ; ಹೆಣ್ಣಿನ ಬಗ್ಗೆ ಅದರ ಮಾತು ಆ ಕಾಲಕ್ಕೂ ಅಗ್ಗವೇ.

ಧ್ವನಿಮುದ್ರಣದ ಗುಣಮಟ್ಟದ ಬಗ್ಗೆ ತಂಡಕ್ಕೇ ತೃಪ್ತಿಯಿರಲಿಲ್ಲ. ನಿರ್ಮಾಪಕ ವಿಲ್ ಮಲೋನ್ ಆಸಕ್ತಿ ವಹಿಸಲಿಲ್ಲ, ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕಾಯಿತು ಎಂದು ಹ್ಯಾರಿಸ್ ಮತ್ತೆ ಮತ್ತೆ ದೂರಿದ್ದುಂಟು. ಮುಂದಿನ ಆಲ್ಬಮ್ಮುಗಳ ಪಕ್ಕದಲ್ಲಿಟ್ಟರೆ ಇದು ತೆಳುವಾಗಿ, ಒರಟಾಗಿ ಕೇಳುತ್ತದೆ ನಿಜ. ಆದರೆ ನನಗಂತೂ ಆ ತೆಳುವೇ ಇಷ್ಟ. ಮುಲಾಮು ಹಚ್ಚಿಲ್ಲದ ಕಾರಣಕ್ಕೇ ಎರಡು ಗಿಟಾರುಗಳ ಎಳೆ ಬಿಡಿಬಿಡಿಯಾಗಿ ಕೈಗೆ ಸಿಗುತ್ತದೆ. ಪಂಕ್ ಎಂದರೆ ಉರಿದು ಬೀಳುತ್ತಿದ್ದ ಹ್ಯಾರಿಸ್‌ನ ಆಲ್ಬಮ್ಮಿಗೆ ಡಿ'ಆನೊನ ಬೀದಿಬದಿಯ ಕಂಠದಿಂದಾಗಿ ಪಂಕ್‌ನ ಕಸುವೇ ಬಂದದ್ದು ಇನ್ನೊಂದು ತಮಾಷೆ. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು ನಾಲ್ಕನೆಯ ಸ್ಥಾನಕ್ಕೇರಿತು. ಹೊಸಬರ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ.

ಸ್ಟ್ರಾಟನ್ ಏನಾದ? 'ಕಿಸ್' ತಂಡದ ಜತೆ ಯೂರೋಪ್ ಪ್ರವಾಸ ಮುಗಿಸಿ ಬಂದ ಮೇಲೆ, 1980ರ ಅಕ್ಟೋಬರಿನಲ್ಲಿ, ಅವನನ್ನು ತಂಡದಿಂದ ಬಿಡಲಾಯಿತು. ಅಭಿರುಚಿ ಹೊಂದಲಿಲ್ಲ ಎಂಬುದು ಕಾರಣ. ಮೆದು ಹಾಡುಗಳತ್ತ ಅವನ ಒಲವು ಹೆಚ್ಚಾಗಿತ್ತು. ಅವನ ಜಾಗಕ್ಕೆ ಬಂದ ಏಡ್ರಿಯನ್ ಸ್ಮಿತ್, ಮರ್ರಿಯ ಬಾಲ್ಯ ಸ್ನೇಹಿತ. ಲೋಕವಿಂದು ಐರನ್ ಮೇಡನ್ನಿನ ಜೋಡಿ ಎಂದು ಗುರುತಿಸುವುದು ಮರ್ರಿ-ಸ್ಮಿತ್ ಅವರನ್ನೇ, ಅದು ಅನ್ಯಾಯವೂ ಅಲ್ಲ. 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಬರುವ ಹೊತ್ತಿಗೆ ಹಾಡುಗಾರನೂ ಬದಲಾಗಿ ಬ್ರೂಸ್ ಡಿಕಿನ್ಸನ್ ಬಂದಾಗಿತ್ತು, ತಂಡ ಜಗತ್ತನ್ನೇ ಗೆದ್ದಿತ್ತು. ಹತ್ತು ತಿಂಗಳು ಇದ್ದು ಹೋದವನನ್ನು ನೆನೆಯಲು ಯಾರಿಗೆ ಪುರುಸೊತ್ತು? ಅವನು 1990ರಿಂದ 'ಪ್ರೇಯಿಂಗ್ ಮ್ಯಾಂಟಿಸ್' ಎಂಬ ಇನ್ನೊಂದು ತಂಡದಲ್ಲಿ ನುಡಿಸಿ ಜಪಾನಿನಲ್ಲಿ ಹೆಸರು ಮಾಡಿದ. ನಮ್ಮ ಕಛೇರಿ ವರದಿಗಳಲ್ಲಿ ಪಕ್ಕವಾದ್ಯದವರಿಗೆ 'ಸಮರ್ಥ ಸಾಥ್ ನೀಡಿದರು' ಎಂಬ ಒಂದು ಸಾಲು ಕೊನೆಯಲ್ಲಿ ಸಿಗುತ್ತದಲ್ಲ, ಮೇಡನ್ ಚರಿತ್ರೆಯಲ್ಲಿ ಸ್ಟ್ರಾಟನ್‌ಗೆ ಸಿಕ್ಕಿರುವ ಜಾಗವೂ ಅಷ್ಟೇ. ನಾನೂ ವರದಿಗಾರ, ಆ ಸಾಲನ್ನು ಎಷ್ಟು ಸಲ ಬರೆದಿದ್ದೇನೋ.

ಪಶ್ಚಿಮದ ಕೇಳುಗರು

ಬೆಂಗಳೂರಿನ ರಾಕ್ ಸಂಗೀತದ ಕತೆ ಹೇಳುವವರು ಸಾಮಾನ್ಯವಾಗಿ ದಂಡು ಪ್ರದೇಶದಿಂದ ಶುರುಮಾಡಿ ಬ್ರಿಗೇಡ್ ರಸ್ತೆಯಲ್ಲಿ ಮುಗಿಸುತ್ತಾರೆ. ತಪ್ಪೇನಲ್ಲ, ಆದರೆ ಅದು ಒಂದೇ ಸ್ಪೀಕರಿನ ಕತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆಯ ಹುಡುಗರು, ಅಪ್ಪ ಕಾರ್ಖಾನೆಗೋ ಸರ್ಕಾರಿ ಕಚೇರಿಗೋ ಹೋಗುವ, ಬೆಳಿಗ್ಗೆ ಆಕಾಶವಾಣಿಯ ಗೀತಾರಾಧನ ಕೇಳುವ ಮನೆಗಳವರು, ಮೆಜೆಸ್ಟಿಕ್ಕಿಗೆ ಬಸ್ಸು ಹಿಡಿದು ಹೋಗಿ ಕ್ಯಾಸೆಟ್ಟು ತರುತ್ತಿದ್ದರು, ಒಬ್ಬ ತಂದದ್ದನ್ನು ಹತ್ತು ಮಂದಿ ನಕಲು ಮಾಡಿಕೊಳ್ಳುತ್ತಿದ್ದರು. ಅವರಿಗೆ ಇಂಗ್ಲಿಷ್ ಸಾಹಿತ್ಯ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಮಾವನೇ ಒಪ್ಪಿಕೊಳ್ಳುತ್ತಾರೆ. ಆದರೆ ವಾದ್ಯ ಅರ್ಥವಾಗುತ್ತಿತ್ತು. ಅದಕ್ಕೆ ಕಿವಿ ಸಿದ್ಧವಿತ್ತು. 1981ರಲ್ಲೇ ಶಂಕರನಾಗ್ 'ಗೀತಾ' ಚಿತ್ರ ಮಾಡಿ, ಇಳಯರಾಜಾ ಅವರಿಂದ ಗಿಟಾರು, ಬೇಸುಗಳ ಸಂಗೀತ ಕೊಡಿಸಿದ್ದರಲ್ಲ. ಕನ್ನಡದ ಕಿವಿಗೆ ಪಾಶ್ಚಾತ್ಯ ಸ್ವರಮೇಳದ ರುಚಿ ಹತ್ತಿಸಿದ ದೊಡ್ಡ ಪಾಲು ಇಳಯರಾಜಾರದು. ಅದನ್ನು ಕೇಳಿ ಬೆಳೆದವರಿಗೆ ಮೇಡನ್ ತೀರಾ ಪರಕೀಯ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ.

ಪಶ್ಚಿಮದಲ್ಲೂ ವೇದಿಕೆಯೊಂದು ಹುಟ್ಟಿತು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು 1990ರ ದಶಕದಲ್ಲಿ ಆರಂಭಿಸಿದ 'ಸ್ಟ್ರಾಬೆರಿ ಫೀಲ್ಡ್ಸ್' ರಾಕ್ ಸ್ಪರ್ಧೆ ದೇಶದ ತಂಡಗಳನ್ನೆಲ್ಲ ಸೆಳೆಯಿತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ 'ಕ್ರಿಪ್ಟೋಸ್' ಎಂಬ ತಂಡ 2004ರಲ್ಲಿ 'ಸ್ಪೈರಲ್ ಅಸೆಂಟ್' ಎಂಬ ತನ್ನ ಚೊಚ್ಚಲ ಆಲ್ಬಂ ತಂದಿತು. 1980ರ ದಶಕದ ಜೋಡಿ ಗಿಟಾರಿನ ಪರಂಪರೆಯನ್ನು ಬಿಡದೆ ಹಿಡಿದ ತಂಡ ಅದು. 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಉತ್ಸವದಲ್ಲೂ ನುಡಿಸಿ ಬಂತು. ಈ ನಡುವೆ ಬಯಲಿನಲ್ಲಿ ದೊಡ್ಡ ದೊಡ್ಡ ಹೆಸರುಗಳು ಬಂದು ಹೋದವು. 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್. ಆದರೆ ಮೆಟಲ್ ಪ್ರಿಯರು ಕಾದಿದ್ದದ್ದು ಬೇರೆಯದಕ್ಕೆ.

ಅದು 2007ರ ಮಾರ್ಚ್ 17ರ ಶನಿವಾರ. ಯುಗಾದಿಗೆ ಇನ್ನೆರಡು ಮೂರು ದಿನ. ಅರಮನೆ ಮೈದಾನದಲ್ಲಿ ಐರನ್ ಮೇಡನ್! ಭಾರತದ ನೆಲದಲ್ಲಿ ಅವರ ಮೊದಲ ಕಾರ್ಯಕ್ರಮ ಅದು. ಮುಂಬಯಿಗೂ ಮೊದಲು, ದೆಹಲಿಗೂ ಮೊದಲು ನಮ್ಮ ಊರಿಗೆ. ದೆಹಲಿಯ 'ಪರಿಕ್ರಮ' ತಂಡ, ಹ್ಯಾರಿಸ್‌ನ ಮಗಳು ಲಾರೆನ್ ಹ್ಯಾರಿಸ್ ಮೊದಲು ಹಾಡಿದರು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದಿದ್ದರು ಜನ. ನಾನಾಗ ಇನ್ನೂ ಚಿಕ್ಕ ಹುಡುಗ. ಮಾವ ಕಪ್ಪು ಅಂಗಿ ತೊಟ್ಟು ಹೊರಟಾಗ ಅಜ್ಜಿ "ಹಬ್ಬದ ಹತ್ತಿರ ಇದೇನೋ ವೇಷ" ಎಂದು ಗದರಿದ್ದಷ್ಟೇ ನೆನಪು. ಆ ಅಂಗಿಯ ಮೇಲಿದ್ದದ್ದು 'ಎಡ್ಡಿ'. ಡೆರೆಕ್ ರಿಗ್ಸ್ ಎಂಬ ಕಲಾವಿದ ಬರೆದ, ಚೊಚ್ಚಲ ಆಲ್ಬಮ್ಮಿನ ಮುಖಪುಟದಿಂದ ದಿಟ್ಟಿಸುವ ಆ ಅಸ್ಥಿಪಂಜರದಂಥ ಮುಖ. ಇವತ್ತು ಫುಟ್‌ಪಾತಿನಲ್ಲಿ ಮಾರುವ ಟೀಶರ್ಟುಗಳ ಮೇಲೆಲ್ಲ ಅದು ಇದೆ. ತೊಟ್ಟವರಲ್ಲಿ ಹಾಡು ಕೇಳಿದವರೆಷ್ಟೋ.

ಅಷ್ಟು ಹೊತ್ತಿಗೆ ತಂಡದಲ್ಲಿ ಗಿಟಾರು ಮೂರಾಗಿತ್ತು. ಮರ್ರಿ, ಸ್ಮಿತ್, ಜಾನಿಕ್ ಗರ್ಸ್. ಮೊದಲ ಆಲ್ಬಮ್ಮಿನ ಕೊನೆಯ ಹಾಡು, ತಂಡದ ಹೆಸರನ್ನೇ ಹೊತ್ತ 'ಐರನ್ ಮೇಡನ್' ಇಲ್ಲದೆ ಅವರ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಅದರ ಆರಂಭದ ಗಿಟಾರು ತುಣುಕಿಗೆ ಇನ್ನೊಂದು ಗಿಟಾರು ಜೊತೆಗೂಡುವುದೇ ಆ ಹಾಡಿನ ಜೀವ. ಎಲ್ಲರೂ ಕುಣಿಯುತ್ತಿದ್ದಾಗ ಮಾವ ಸುಮ್ಮನೆ ನಿಂತು ಆ ಮೇಲಿನ ಸ್ವರವನ್ನು ಹುಡುಕುತ್ತಿದ್ದರಂತೆ. "ಸ್ಟ್ರಾಟನ್ ಇರಲಿಲ್ಲ. ಅವನು ಹಾಕಿದ ಸ್ವರ ಇತ್ತು" ಎನ್ನುತ್ತಾರೆ.

ಮುಗಿದ ಮೇಲೆ ಬಸ್ಸಿಲ್ಲ. ಗೆಳೆಯರ ಗುಂಪು ಸದಾಶಿವನಗರ, ಮಲ್ಲೇಶ್ವರ ದಾಟಿ ನಡೆದೇ ರಾಜಾಜಿನಗರ ಸೇರಿತು. ದಾರಿಯುದ್ದಕ್ಕೂ ಮನೆಗಳಲ್ಲಿ ಟಿವಿ ಉರಿಯುತ್ತಿತ್ತು. ಅದೇ ರಾತ್ರಿ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ ಪಂದ್ಯ. ನಮ್ಮ ದ್ರಾವಿಡ್ ನಾಯಕತ್ವದ ಭಾರತ 191ಕ್ಕೆ ಆಲೌಟಾಗಿ ಬಾಂಗ್ಲಾದೇಶದ ಎದುರು ಐದು ವಿಕೆಟ್‌ಗಳಿಂದ ಸೋತಿತು. ಇಡೀ ಊರು ಮುಖ ಬಾಡಿಸಿಕೊಂಡಿದ್ದ ರಾತ್ರಿಯಲ್ಲಿ ಕಿವಿ ಗುಂಯ್‌ಗುಡುತ್ತ ನಗುತ್ತ ಬಂದವರು ಇವರಷ್ಟೇ ಇರಬೇಕು.

ತಂಡ 2009ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಬೆಂಗಳೂರಿಗೆ ಬಂದು ಹೋಯಿತು. ಆ ಚೊಚ್ಚಲ ಆಲ್ಬಮ್ಮಿನ ಐವರಲ್ಲಿ ಕ್ಲೈವ್ ಬರ್ 2013ರಲ್ಲಿ, ಪಾಲ್ ಡಿ'ಆನೊ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2025ರಲ್ಲಿ ಐವತ್ತು ವರ್ಷದ ನೆನಪಿಗೆ ಮೇಡನ್ ಹೊರಟ ಪ್ರವಾಸದಲ್ಲಿ ಮೊದಲ ಒಂಬತ್ತು ಆಲ್ಬಮ್ಮುಗಳ ಹಾಡುಗಳನ್ನಷ್ಟೇ ನುಡಿಸಿದರು; 'ಫ್ಯಾಂಟಮ್' ಅದರಲ್ಲಿತ್ತು.

ಮಾವನ ಕ್ಯಾಸೆಟ್ಟಿಗೆ ಈಗ ಬೂಷ್ಟು ಹಿಡಿದಿದೆ, ಟೇಪ್‌ರೆಕಾರ್ಡರ್ ಗುಜರಿಗೆ ಹೋಗಿ ಬಹಳ ಕಾಲವಾಯಿತು. ಈ ಲೇಖನಕ್ಕೆಂದು ಮೊನ್ನೆ ಅವರ ಮನೆಗೆ ಹೋಗಿ ನನ್ನ ಮೊಬೈಲಿನಲ್ಲಿ ಆ ಆಲ್ಬಂ ಹಾಕಿದೆ. ಇಯರ್‌ಫೋನು ಒಂದೇ ಜೊತೆ, ಕೇಳುವವರು ಇಬ್ಬರು. ಎಡಗಡೆಯದನ್ನು ಅವರ ಕೈಗೆ ಕೊಡಲು ಹೋದೆ.

"ಅದು ನಿನಗಿರಲಿ, ಬಲಗಡೆಯದು ಕೊಡೋ ಇಲ್ಲಿ" ಎಂದರು.